ಕೆಂಚಣ್ಣನ ಪ್ಲಾಸ್ಟರ್ ಸೀಳಿದವರು

ಬೆಳಿಗ್ಗೆ ನರ್ಸ್ ಹೊದಿಕೆ ಎತ್ತಿ ನೋಡಿದಾಗ ಕೆಂಚಣ್ಣನ ಬಲಗಾಲಿನ ಪ್ಲಾಸ್ಟರ್ ಉದ್ದಕ್ಕೂ ಸೀಳಿಹೋಗಿತ್ತು. ಗಾಯದೊಳಗೆ ಯಾರೋ ಹಸಿ ಸೊಪ್ಪು ಜಜ್ಜಿ ತುಂಬಿದ್ದರು.

ಆದೋನಿಯ ಆ ಸಣ್ಣ ಖಾಸಗಿ ಆಸ್ಪತ್ರೆಗೆ ಪೊಲೀಸ್ ದಫೇದಾರ್ ಮೌಲಾಲಿ ಬಂದಾಗ ಡಾಕ್ಟರ್ ಸುಭದ್ರಮ್ಮ ಕೆಂಡವಾಗಿದ್ದರು.

"ಮೊಣಕಾಲ ಕೆಳಗಿನ ಎಲುಬು ಕೀವಾಗಿ ಸತ್ತಿತ್ತು. ಸತ್ತದ್ದನ್ನೆಲ್ಲ ಕೆತ್ತಿ ತೆಗೆದು, ಪೆನಿಸಿಲಿನ್ ಕೊಟ್ಟು, ಪ್ಲಾಸ್ಟರಿನಿಂದ ಮುಚ್ಚಿ ಕಟ್ಟಿದ್ದೆ. ಬಿಚ್ಚದೆ ಬಿಟ್ಟರೆ ಗುಂಡಿ ತಾನೇ ತುಂಬ್ತದೆ. ಈಗ ಕೀವು ಎದ್ದರೆ ಕಾಲನ್ನೇ ತೆಗೀಬೇಕು. ಎತ್ತಿನ ಗಾಡಿ ಹೊಡೆಯೋನು, ಕಾಲಿಲ್ಲದೆ ಏನು ಮಾಡ್ತಾನೆ?"

"ಯಾರ ಮ್ಯಾಲ ಅನುಮಾನ, ಅಮ್ಮ?"

"ಎಲುಬು ಕಟ್ಟೋ ಮೂಕಪ್ಪ. ಅವನು ಬಿಗಿದ ಬಿದಿರು ದಬ್ಬೆಯಿಂದಲೇ ಇದು ಕೊಳೆತದ್ದು. ನಿನ್ನೆ ಇಲ್ಲಿ ಬಂದು ಜಗಳ ಮಾಡಿ ಹೋದ."

* * *

ಮೂಕಪ್ಪ ಆಸ್ಪರಿ ರಸ್ತೆಯ ತನ್ನ ಮನೆಯಲ್ಲೇ ಸಿಕ್ಕ. ಹೆಸರಿಗೆ ಮೂಕಪ್ಪ, ಬಾಯಿ ಮಾತ್ರ ಸಂತೆ. ಮೌಲಾಲಿ ಗಾಯದಿಂದ ತೆಗೆದ ಸೊಪ್ಪನ್ನು ಅವನ ಮೂಗಿಗೆ ಹಿಡಿದ.

"ಸೀತಾಫಲ ಸೊಪ್ಪು. ಎತ್ತಿನ ಹುಣ್ಣಿಗೆ ಹುಳ ಬಿದ್ರ ತುಂಬ್ತಾರ. ಹುಳಾನೂ ಹೋಗ್ತಾವ, ನಾತಾನೂ ಹೋಗ್ತೈತಿ. ನಾ ಹಚ್ಚೋದು ತತ್ತಿ, ಉದ್ದಿನ ಹಿಟ್ಟು. ಎತ್ತಿನ ಮದ್ದು ಎತ್ತು ಕಟ್ಟಿದವರನ್ನ ಕೇಳು, ದಫೇದಾರಾ."

ಮೌಲಾಲಿ ಆಸ್ಪತ್ರೆಯತ್ತ ಸೈಕಲ್ ತಿರುಗಿಸಿದ.

* * *

ಕೆಂಚಣ್ಣನ ಮಂಚ ವಾರ್ಡಿನ ಮೂಲೆಯಲ್ಲಿತ್ತು. ಮುಚ್ಚಿ ಕಟ್ಟಿದ ಗಾಯ ವಾಸಿಯಾಗುವಾಗಲೂ ನಾರುತ್ತದೆ. ಉಳಿದ ರೋಗಿಗಳು ತಮ್ಮ ಮಂಚಗಳನ್ನು ಆಚೆ ಗೋಡೆಗೆ ಎಳೆದುಕೊಂಡಿದ್ದರು. ಇಷ್ಟು ಜನರ ನಡುವೆ ಇಷ್ಟು ಒಂಟಿಯಾದವನನ್ನು ಮೌಲಾಲಿ ಕಂಡಿರಲಿಲ್ಲ.

"ನಿದ್ದಿ ಹತ್ತಿತ್ರಿ. ಯಾರು ಕೊಯ್ದರೋ," ಎಂದ ಕೆಂಚಣ್ಣ.

"ಆ ಕಾಲು ಸೋಕಿದ್ರ ಕೂಗ್ತಿ. ಕೊಯ್ಯೋತನಕ ಮಲಗಿದ್ದಿಯೇನು? ಸೀತಾಫಲದ ಗಿಡ ಈ ಕಿಟಕಿ ಹೊರಗ ಐತಿ, ಕೈ ಎಟಕೋದು ನಿನ್ನ ಮಂಚದಿಂದ ಮಾತ್ರ. ಎತ್ತು ಸಾಕಿದವ ಈ ವಾರ್ಡಿನಾಗ ನೀನೊಬ್ಬನ. ಉಗುರು ತೋರ್ಸು."

ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಪುಡಿ, ಸೊಪ್ಪಿನ ಹಸಿರು ಕರೆ. ದಿಂಬಿನ ಕೆಳಗೆ ಬಾರುಕೋಲಿನ ತೊಗಲು ಕೊಯ್ಯುವ ಚಾಕು ಸಿಕ್ಕಿತು.

"ನಿನ್ನ ಕಾಲಿಗೆ ನೀನ ಯಾಕ ಹಿಂಗ ಮಾಡಿದಿ?"

ಕೆಂಚಣ್ಣ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡ.

"ಇವತ್ತು ನಮ್ಮಾಕಿ ಬರ್ತಾಳ್ರಿ. ಬಂದಾಗೆಲ್ಲ ಬಾಗಲದಾಗ ನಿಂತು, ಮುಖಕ್ಕ ಸೆರಗು ಹಿಡ್ಕೊಂಡು, ಹಂಗ ಹೋಗಿಬಿಡ್ತಾಳ. ಒಂದ್ ದಿನ ನಾತ ಹೋದ್ರ ಹತ್ರ ಕೂಡ್ತಾಳಂತ ಮಾಡಿದೆ."

ಹೆಂಡತಿ ಶೇಷಮ್ಮ ಚಿಪ್ಪಗಿರಿಯಿಂದ ಆಗಲೇ ಬಂದು ಮೌಲಾಲಿಯ ಹಿಂದೆ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು.

"ನಾತಕ್ಕಲ್ಲ," ಎಂದಳು. "ನಿನ್ನ ನೋಡಿದ್ರ ಅಳು ಬರ್ತಿತ್ತು. ನಾ ಅಳೋದು ಕಂಡ್ರ ನೀ ಧೈರ್ಯ ಕೆಡ್ತಿ ಅಂತ ಸೆರಗು ಮುಚ್ಚಿದ್ದೆ."

ಮಂಚದ ಮೇಲೆ, ಆ ಕಾಲಿನ ಪಕ್ಕಕ್ಕೇ ಬಂದು ಕೂತಳು.

ಸುಭದ್ರಮ್ಮ ಗಾಯ ನೋಡಿ, ನಾಳೆ ಮತ್ತೆ ಕೆತ್ತಬೇಕು, ಕಾಲು ಉಳಿಯುತ್ತದೋ ಇಲ್ಲವೋ ಈಗ ಹೇಳಲಾರೆ ಎಂದರು. ಕೆಂಚಣ್ಣ ಕಾಲಿನ ಮಾತೇ ಎತ್ತಲಿಲ್ಲ.

"ನಾಳೆ ಬರ್ತೀಯೇನು?" ಎಂದು ಹೆಂಡತಿಯನ್ನು ಕೇಳಿದ.

"ಹೋದ್ರ ತಾನ ಬರೋದು," ಎಂದಳು ಶೇಷಮ್ಮ.