ಹಳೆ ಸ್ವೆಟರಿನ ಹೊಸ ಸುಳ್ಳು

"ಈ ಗುಂಡಿ ನಮ್ಮಮ್ಮನ ಸ್ವೆಟರಿಂದು."

ಮೇಜಿನ ಆಚೆ ನಿಂತಿದ್ದವನು ಹೇಳಿದ್ದು ಅಷ್ಟೇ. ದನಿ ಏರಿಸಿರಲಿಲ್ಲ. ಆದರೂ ಮೇಜಿನ ಈಚೆ ಕೂತಿದ್ದ ಅವಳು ಎಣಿಸುತ್ತಿದ್ದ ಚಿಲ್ಲರೆಯನ್ನು ಅಲ್ಲೇ ಬಿಟ್ಟಳು.

ಅವನ ಕೈಯಲ್ಲಿದ್ದದ್ದು ಅವಳೇ ಮಾಡಿದ ಬೆಕ್ಕು. ಗೋಡೆಗೆ ನೇತುಹಾಕುವಂಥದ್ದು. ಕಸೂತಿ ಹಾಕುವ ಮರದ ಬಳೆಗೆ ಬಟ್ಟೆ ಬಿಗಿದು, ಸಾಸಿವೆ ಬಣ್ಣದ ಉಲ್ಲನ್ನಿನಲ್ಲಿ ದುಂಡು ಮುಖ ಹೊಲಿದಿದ್ದಳು. ಮೂಗಿನ ಜಾಗಕ್ಕೆ ಒಂದು ಮರದ ಗುಂಡಿ. ಅವನ ಹೆಬ್ಬೆರಳು ಆ ಗುಂಡಿಯ ಅಂಚಿನಲ್ಲೇ ನಿಂತುಬಿಟ್ಟಿತ್ತು.

"ಇಲ್ಲಿ ಹಲ್ಲಿನ ಗುರುತಿದೆ ನೋಡಿ, ಎರಡು. ನನ್ನವೇ. ಅಮ್ಮ ಎತ್ತಿಕೊಂಡ್ರೆ ಸಾಕು, ಇದನ್ನೇ ಕಚ್ತಿದ್ದೆನಂತೆ."

ಭಾನುವಾರದ ಸಂತೆ, ಬೆಳಗಿನ ಹೊತ್ತು. ಬಡಾವಣೆಯ ಆ ದೊಡ್ಡ ಹಾಲ್‌ನಲ್ಲಿ ಮೂವತ್ತು ಮೇಜು, ಮೂವತ್ತು ಥರದ ಕೈಕೆಲಸ. ಅವಳ ಮೇಜಿನ ಮುಂದೆಯೇ ಜನ ಹೆಚ್ಚು. ಗುಂಡಿಯ ಹೂವು, ಉಲ್ಲನ್ನಿನ ಗೊಂಬೆ, ಪ್ಯಾಂಟಿನ ಜೇಬು ಜೋಡಿಸಿ ಹೊಲಿದ ಚೀಲ. ಸಂತೆಯವರು ಅವಳಿಗಿಟ್ಟ ಹೆಸರೇ ಗುಂಡಿ ಮೇಡಂ. ಅವನ ಪಕ್ಕದಲ್ಲೇ ನಿವೃತ್ತ ಟೀಚರ್ ಒಬ್ಬರು ಅದೇ ಬೆಕ್ಕಿಗಾಗಿ ಕಾಯುತ್ತಿದ್ದರು. ಮೊಮ್ಮಗುವಿನ ಕೋಣೆಗೆ ಬೇಕಂತೆ. ಈ ಮಾತು ಕೇಳಿದ್ದೇ ಅವರ ಹುಬ್ಬು ಗಂಟಾಯಿತು.

"ಅಂದ್ರೆ, ಯಾರೋ ಹಾಕಿ ಬಿಟ್ಟಿದ್ದಾ ಇದು? ಹೊಸ ಉಲ್ಲನ್ ತಾನೇ?"

ನಾಲ್ಕು ತಲೆಗಳು ಅವಳತ್ತ ತಿರುಗಿದವು.

ಅವಳಿಗೆ ಗೊತ್ತಿತ್ತು. ಹಳೆ ಬಟ್ಟೆ ಅಂಗಡಿಯ ರಾಶಿಯಿಂದ ಆರಿಸಿ ತಂದ ಸ್ವೆಟರ್ ಅದು. ಗುಂಡಿ ಹೊಲಿಯುವಾಗ ಆ ಎರಡು ತಗ್ಗು ಅವಳ ಬೆರಳಿಗೂ ಸಿಕ್ಕಿದ್ದವು. ಯಾವ ಮಗುವಿನದೋ ಎಂದುಕೊಂಡು ಒಬ್ಬಳೇ ನಕ್ಕಿದ್ದಳು ಕೂಡ.

"ಎಲ್ಲಾ ಹೊಸದೇ. ಈ ಗುಂಡಿ ಪ್ಯಾಕೆಟ್‌ನಲ್ಲೇ ಬರುತ್ತೆ. ಫ್ಯಾಕ್ಟರೀಲಿ ಏನೋ ತಾಗಿರಬೇಕು."

ಅವನು ಅವಳ ಮುಖ ನೋಡಿದ. ಗುಂಡಿ ನೋಡಿದ. ಮತ್ತೆ ಅವಳ ಮುಖ ನೋಡಿದ. ಅವನ ಕಿವಿ ನಿಧಾನವಾಗಿ ಕೆಂಪಾಯಿತು. ಬೆಕ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ತಪ್ಪು ತಿಳಿಯಬೇಡಿ ಎಂದು ಗೊಣಗಿ, ಜನರ ನಡುವೆ ಮರೆಯಾದ.

ಟೀಚರ್ ಬೆಕ್ಕನ್ನು ಕೊಂಡುಹೋದರು. ಅದನ್ನು ಕಾಗದದಲ್ಲಿ ಸುತ್ತುವಾಗ ಅವಳು ಆ ಗುಂಡಿಯತ್ತ ನೋಡಲಿಲ್ಲ.

ಯಾಕೆ ಹಾಗಂದೆ...?

ಯಾಕೆ ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಆರನೇ ಕ್ಲಾಸಿನಲ್ಲಿ ಅವಳು ಒಂದು ಕೆಂಪು ಸ್ವೆಟರ್ ಹಾಕಿಕೊಂಡು ಹೋಗಿದ್ದಳು. ಹಿಂದಿನ ಬೆಂಚಿನ ಹುಡುಗಿ ಬಂದು ಕಾಲರ್ ಮಗುಚಿ, ಒಳಗೆ ಹೊಲಿದಿದ್ದ ತನ್ನ ಹೆಸರನ್ನು ಇಡೀ ಕ್ಲಾಸಿಗೆ ತೋರಿಸಿದಳು. ನಮ್ಮ ಮನೆ ಕೆಲಸದವಳಿಗೆ ಅಮ್ಮ ಕೊಟ್ಟಿದ್ದು ಎಂದಳು. ಆ ಕೆಲಸದವಳು ಇವಳ ಅಮ್ಮ. ಕ್ಲಾಸು ನಕ್ಕಿತು. ಆ ನಗು ಇಪ್ಪತ್ತು ವರ್ಷದಿಂದ ಅವಳ ಕುತ್ತಿಗೆಯ ಹಿಂದೆಯೇ ಕೂತಿತ್ತು. ಕೈಗೆ ಹಳೆಯದೇ ಒಲಿಯುತ್ತಿತ್ತು, ಬಾಯಿಗೆ ಮಾತ್ರ ಹೊಸದು ಎಂದೇ ಬರುತ್ತಿತ್ತು.

ವಾರದ ಉಳಿದ ದಿನ ಅವಳಿಗೆ ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಬಂದವರ ಹೆಸರು ಬರೆದುಕೊಳ್ಳುವುದು, ಸರದಿ ಕೂಗುವುದು. ಹತ್ತು ದಿನ ಕಳೆದಿರಬೇಕು, ಡಾಕ್ಟರು ಹರಿದುಹೋದ ರಿಜಿಸ್ಟರುಗಳನ್ನು ಕೊಟ್ಟು ಬೈಂಡ್ ಮಾಡಿಸಿಕೊಂಡು ಬಾ ಎಂದರು. ಹಿಂದಿನ ಬೀದಿಯ ಬೈಂಡಿಂಗ್ ಅಂಗಡಿ. ಒಳಗೆ ಕಾಲಿಟ್ಟರೆ ಗೋಂದಿನ ವಾಸನೆ, ಹೊಲಿಯುತ್ತಾ ಕೂತವನು... ಅವನೇ!

ಬಂದ ದಾರಿಗೇ ಓಡಿಬಿಡಲೇ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಅವನೇ ಎದ್ದು ನಿಂತಿದ್ದ.

"ನಾನೇ ಬಂದು ಕ್ಷಮೆ ಕೇಳ್ಬೇಕು ಅಂತಿದ್ದೆ. ಅಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ತೆಗೆದುಬಿಟ್ಟೆ. ಅಮ್ಮ ಹೋಗಿ ವರ್ಷ ಆಗ್ತಾ ಬಂತು... ಎಲ್ಲಿ ನೋಡಿದ್ರೂ ಅವಳ ಸಾಮಾನೇ ಕಾಣುತ್ತೆ."

ಈಗಲಾದರೂ ಹೇಳಬಹುದಿತ್ತು. ಮಾತು ನಾಲಿಗೆ ತುದಿಗೆ ಬಂದೇ ಇತ್ತು.

"ಪರವಾಗಿಲ್ಲ ಬಿಡಿ," ಅಂದಳು.

ಮೊದಲನೆಯ ಸುಳ್ಳು ಬಾಯಿ ತಪ್ಪಿ ಬಂದಿತ್ತು ಎಂದುಕೊಳ್ಳಬಹುದು. ಇದನ್ನು ಮಾತ್ರ ಅವಳು ಯೋಚಿಸಿಯೇ ಹೇಳಿದ್ದಳು.

ಹೋಗಬಾರದು ಎಂದುಕೊಂಡೇ ಮತ್ತೆ ಹೋದಳು. ರಿಜಿಸ್ಟರ್ ಆಯಿತೇ ಎಂದು ಕೇಳಲು ಒಂದು ಸಲ, ತರಲು ಒಂದು ಸಲ, ಕಾರಣವೇ ಇಲ್ಲದೆ ಹತ್ತು ಸಲ. ರಟ್ಟಿಗೆ ಹಚ್ಚಿ ಉಳಿದ ಬಟ್ಟೆಯ ಚೂರುಗಳನ್ನು ಅವನು ಅವಳಿಗೆಂದೇ ಒಂದು ಡಬ್ಬಿಯಲ್ಲಿ ತೆಗೆದಿಡುತ್ತಿದ್ದ. ಅವಳು ಅದರಿಂದ ಏನು ಮಾಡಿದಳೆಂದು ತಂದು ತೋರಿಸಬೇಕು. ಅವನು ಕನ್ನಡಕ ಹಣೆಗೇರಿಸಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು, ನನ್ನ ಹೊಲಿಗೆ ಪುಸ್ತಕದೊಳಗೆ ಅಡಗಿಬಿಡುತ್ತೆ, ನಿಮ್ಮದು ಎಲ್ಲರಿಗೂ ಕಾಣಬೇಕು, ನಿಮಗೇ ಕಷ್ಟ ಜಾಸ್ತಿ ಎನ್ನುತ್ತಿದ್ದ.

ಅವಳು ನಗುತ್ತಿದ್ದಳು. ಮನೆಗೆ ಬರುವ ದಾರಿಯಲ್ಲಿ ನಗು ಆರಿಹೋಗುತ್ತಿತ್ತು. ಅವನು ಒಂದೊಂದು ಒಳ್ಳೆಯ ಮಾತಾಡಿದಾಗಲೂ ಯಾರದೋ ತಟ್ಟೆಯ ಊಟ ಕದ್ದು ತಿಂದ ಹಾಗೆ ಅವಳಿಗೆ ನಾಚಿಕೆ.

ಇವತ್ತು ಹೇಳ್ತೀನಿ... ನಾಳೆ ಖಂಡಿತ ಹೇಳ್ತೀನಿ... ಹೀಗೇ ಮೂರು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಬಂದವನು ಅವನು. ಅವಳನ್ನು ನೋಡಲು ಬಂದನೆಂದು ಎದೆ ಹಾರಿತು. ಅಲ್ಲ. ಕಣ್ಣು ತೋರಿಸಬೇಕು, ಹೆಸರು ಬರೆದುಕೊಳ್ಳಿ ಎಂದ. ಒಳಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದು ಬೆಂಚಿನ ಮೇಲೆ ಕೂತ. ಏನಂದರು ಎಂದು ಅವಳು ಕೇಳಿದಳು.

"ಹಳೇ ನಂಬರೇ ಇದೆಯಂತೆ. ಕಣ್ಣು ಚೆನ್ನಾಗಿದೆಯಂತೆ." ಅವನು ನಗಲು ನೋಡಿದ. "ಹಾಗಾದ್ರೆ ಕೆಟ್ಟಿರೋದು ತಲೆ. ಅವತ್ತು ಆ ಗುರುತನ್ನ ನಾನು ಕೈಯಾರೆ ಮುಟ್ಟಿದ್ದೆ. ನಮ್ಮದಲ್ಲದ್ದು ನಮ್ಮದೇ ಅಂತ ಅಷ್ಟು ಸ್ಪಷ್ಟವಾಗಿ ಹೇಗೆ ಕಾಣುತ್ತೆ? ಈಗ ಹೊಲಿಗೆ ಹಾಕಿದ ಪುಸ್ತಕಾನೂ ಎರಡೆರಡು ಸಲ ಎಣಿಸಿ ನೋಡ್ತೀನಿ, ಪುಟ ಸರಿಯಾಗಿದೆಯೋ ಇಲ್ವೋ ಅಂತ."

ಅವಳು ಬರೆಯುತ್ತಿದ್ದ ರಿಜಿಸ್ಟರ್ ಮುಚ್ಚಿಟ್ಟಳು.

ತನ್ನ ಮಾನ ಉಳಿಸಿಕೊಳ್ಳಲು ಹೇಳಿದ ಒಂದು ಮಾತು, ಒಬ್ಬ ಮನುಷ್ಯನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಇಲ್ಲದ ಹಾಗೆ ಮಾಡಿತ್ತು.

"ನಿಮ್ಮ ತಲೆ ಸರಿಯಾಗೇ ಇದೆ," ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಅದು ನಿಮ್ಮಮ್ಮನ ಸ್ವೆಟರೇ ಇರಬೇಕು. ಹಳೆ ಬಟ್ಟೆ ಅಂಗಡಿಯಿಂದ ತಂದಿದ್ದೆ. ಬಿಚ್ಚಿದ್ದು ನಾನೇ. ಗುರುತು ನನ್ನ ಬೆರಳಿಗೂ ಸಿಕ್ಕಿತ್ತು. ಅವತ್ತು ನಾನು ಸುಳ್ಳು ಹೇಳಿದೆ."

ಎದುರಿನ ಬೆಂಚಿನಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡ ನಾಲ್ಕು ಮಂದಿ ಕಣ್ಣು ಮುಚ್ಚಿ ಕೂತಿದ್ದರು. ನಾಲ್ವರ ಕಿವಿಯೂ ತೆರೆದಿತ್ತು. ಒಬ್ಬ ಅಜ್ಜಿಯಂತೂ ಕತ್ತನ್ನೇ ಈ ಕಡೆ ವಾಲಿಸಿದ್ದರು.

ಅವನು ಕೈಯಲ್ಲಿದ್ದ ಡಾಕ್ಟರ ಚೀಟಿಯನ್ನು ಮಡಿಚಿ ಬೆಂಚಿನ ಮೇಲಿಟ್ಟ. ಆಮೇಲೆ, ಆ ಬೆಕ್ಕು ಈಗ ಎಲ್ಲಿದೆ ಎಂದು ಕೇಳಿದ. ಅವತ್ತೇ ಮಾರಿಬಿಟ್ಟೆ ಎಂದಳು.

"ಮೂರು ತಿಂಗಳು ನನ್ನೆದುರು ಬಂದು ಕೂತಿದ್ರಲ್ಲ," ಅಂದ ಅವನು. ಬೈಗುಳವಲ್ಲ, ಲೆಕ್ಕ ತಪ್ಪಿದವನ ಮಾತಿನಂತಿತ್ತು. ಡಾಕ್ಟರ ಚೀಟಿಯನ್ನೂ ಬೆಂಚಿನ ಮೇಲೇ ಬಿಟ್ಟು ಹೊರಟುಹೋದ.

ಅವಳು ಸಂಜೆ ಮನೆಗೆ ಬಂದು ದೊಡ್ಡಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಮ್ಮ ಹೋದ ಮೇಲೆ ಅವಳಿಗಿದ್ದದ್ದು ಅಮ್ಮನ ಅಕ್ಕ ಒಬ್ಬಳೇ. ಬೆಕ್ಕು, ಬೈಂಡಿಂಗಿನವನು, ಕೊನೆಗೆ ಆ ಕೆಂಪು ಸ್ವೆಟರು, ಎಲ್ಲ ಹೊರಗೆ ಬಂತು. ದೊಡ್ಡಮ್ಮ ಅವಳ ತಲೆ ಸವರುತ್ತಾ ಕೇಳಿಸಿಕೊಂಡಳು.

"ಆ ಸ್ವೆಟರನ್ನ ನಿಮ್ಮಮ್ಮ ಮೂರು ಸಲ ಒಗೆದಿದ್ದಳು, ಗೊತ್ತಾ? ಮೊಣಕೈಯಲ್ಲಿ ತೂತಿತ್ತು. ಅದು ಕಾಣಬಾರದು ಅಂತ ಒಂದು ಹೂವು ಹೆಣೆದು ಹೊಲಿದಳು. ಕ್ಲಾಸಿನಲ್ಲಿ ಆಗಿದ್ದು ಆಯ್ತು. ಆ ಹೂವಿನ ವಿಷಯ ಮಾತ್ರ ನಿನ್ನ ಬಾಯಲ್ಲಿ ಒಂದು ದಿನಾನೂ ಬರಲಿಲ್ಲವಲ್ಲೇ ಮಗಳೇ."

ಅವಳ ಅಳು ನಿಂತುಹೋಯಿತು. ಹೂವು ನೆನಪಿತ್ತು. ಹಳದಿ ಹೂವು. ಇಷ್ಟು ವರ್ಷ ತಾನು ಮುಚ್ಚಿಟ್ಟದ್ದು ಆ ಹುಡುಗಿಯ ನಗುವನ್ನಲ್ಲ, ಅಮ್ಮನ ಕೈಕೆಲಸವನ್ನು. ಬೇರೆಯದೇ ಒಂದು ನಾಚಿಕೆ ಅವಳ ಮೈತುಂಬ ಹರಡಿತು. ಇದು ಮೊದಲಿನದಕ್ಕಿಂತ ಆಳವಾಗಿತ್ತು.

ಮುಂದಿನ ಭಾನುವಾರ ಅವಳ ಮೇಜಿನ ಮೇಲೆ ಒಂದು ರಟ್ಟು ನಿಂತಿತು. *ಇಲ್ಲಿರುವುದೆಲ್ಲ ಹಳೆ ಬಟ್ಟೆಯಿಂದ ಮಾಡಿದ್ದು. ಒಗೆದು, ಬಿಚ್ಚಿ, ಮತ್ತೆ ಹೊಲಿದದ್ದು.* ಕೆಲವರು ಓದಿ ಮುಂದೆ ಹೋದರು. ಹಿಂದೆ ಕೊಂಡಿದ್ದ ಒಬ್ಬಾಕೆ ಮುಖ ಸಿಂಡರಿಸಿಕೊಂಡು ಹೋದಳು. ಅವಳ ಕುತ್ತಿಗೆಯ ಹಿಂದೆ ಬಿಸಿ ಏರುತ್ತಲೇ ಇತ್ತು. ಎದ್ದು ರಟ್ಟು ತೆಗೆಯಬೇಕೆಂದು ಹತ್ತು ಸಲ ಅನ್ನಿಸಿತು. ತೆಗೆಯಲಿಲ್ಲ.

ಮೂರನೆಯ ಭಾನುವಾರ ಆ ಟೀಚರ್ ಬಂದರು. ರಟ್ಟು ಓದಿ ನಿಂತಲ್ಲೇ ನಿಂತರು. ಅವಳು ತಾನಾಗಿಯೇ ಎದ್ದು, ನಿಮಗೆ ಕೊಟ್ಟ ಬೆಕ್ಕೂ ಹಳೇ ಸ್ವೆಟರಿಂದೇ, ಅವತ್ತು ಸುಳ್ಳು ಹೇಳಿದೆ, ಬೇಡವಾದರೆ ವಾಪಸ್ ತನ್ನಿ ಎಂದಳು. ಟೀಚರು ಇಡೀ ಹಾಲ್‌ಗೆ ಕೇಳುವಂತೆ ಬೈದರು. ಮಗುವಿನ ಕೋಣೆಗೆ ಎಂದು ಒತ್ತಿ ಹೇಳಿದ್ದೆನಲ್ಲ, ನಿಮ್ಮಂಥವರನ್ನು ನಂಬುವುದು ಹೇಗೆ ಎಂದರು. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಬೈದು ಸುಸ್ತಾಗಿ ಅವರು ಕೊನೆಗೆ, ಆ ಮಗುವೋ, ಬೆಕ್ಕಿನ ಮುಖ ನೋಡದೆ ಕಣ್ಣು ಮುಚ್ಚೋದಿಲ್ಲ, ಈಗ ವಾಪಸ್ ತಂದರೆ ಅದನ್ನು ಮಲಗಿಸೋರು ಯಾರು, ನೀವು ಬರ್ತೀರಾ ಎಂದು ಕೇಳಿ ಬಿರಬಿರನೆ ನಡೆದುಬಿಟ್ಟರು.

ಅವರು ಸರಿದ ಜಾಗದಲ್ಲಿ ಅವನು ನಿಂತಿದ್ದ.

ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಮೇಜು ಸುತ್ತಿ ಬಂದು, ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ.

"ನಾನೂ ಒಂದು ಹೇಳ್ಬೇಕು," ಅಂದ. "ಅಮ್ಮನ ಸ್ವೆಟರನ್ನ ಆ ಹಳೆ ಬಟ್ಟೆ ಅಂಗಡಿಗೆ ಹಾಕಿದ್ದು ನಾನೇ."

ಅವಳು ಅವನತ್ತ ತಿರುಗಿದಳು.

ಅವನು ಕೈ ನೋಡಿಕೊಳ್ಳುತ್ತಾ ಹೇಳಿದ. ಅಮ್ಮ ಎಂಟು ತಿಂಗಳು ಮಲಗಿದ್ದಳು, ನೋಡಿಕೊಂಡವನು ಅವನೊಬ್ಬನೇ. ಅವಳು ಹೋದ ಐದನೇ ದಿನಕ್ಕೆ, ಬಟ್ಟೆಯಿಂದ ಬರುವ ಔಷಧಿಯ ವಾಸನೆ ತಡೆಯಲಾಗದೆ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಆ ಅಂಗಡಿಯ ಬಾಗಿಲಲ್ಲಿಟ್ಟು ಓಡಿಬಂದಿದ್ದ. ಆಮೇಲೆ ಊರಿಂದ ಅಕ್ಕ ಬಂದು ಅಮ್ಮನ ಸ್ವೆಟರ್ ಎಲ್ಲಿ ಎಂದು ಕೇಳಿದಾಗ, ಗೊತ್ತಿಲ್ಲ, ಆಸ್ಪತ್ರೆಯಲ್ಲಿ ಯಾರೋ ತೆಗೆದುಕೊಂಡಿರಬೇಕು ಎಂದುಬಿಟ್ಟಿದ್ದ.

"ಅವತ್ತು ನಿಮ್ಮ ಮೇಜಿನ ಮೇಲೆ ಅದನ್ನ ನೋಡಿದಾಗ, ನೀವು ಕದ್ದಿರಬೇಕು ಅಂತ ಆಸೆಪಟ್ಟೆ. ಕಳ್ಳರು ಬೇರೆ ಯಾರಾದ್ರೂ ಆಗಲಿ ಅಂತ. ನೀವು ಇದು ಆ ಗುಂಡಿಯೇ ಅಲ್ಲ ಅಂದಾಗ ಎದೆ ಹಗುರಾಯ್ತು. ಆ ಹಗುರಕ್ಕೇ ಆಮೇಲೆ ಎಷ್ಟು ನಾಚಿಕೆಯಾಯ್ತು ಅಂದ್ರೆ... ಪಾಪ ಮಾಡಿದ್ದಕ್ಕೇ ತಲೆ ಕೆಡ್ತಿದೆ ಅಂದುಕೊಂಡೆ."

"ಮತ್ತೆ ಕ್ಲಿನಿಕ್ಕಿಂದ ಎದ್ದು ಹೋಗಿದ್ದು?"

"ನಿಮ್ಮ ಮೇಲೆ ಕೋಪ ಇತ್ತು. ಇಲ್ಲ ಅನ್ನಲ್ಲ. ಆದ್ರೆ ನೀವು ನಾಲ್ಕು ಜನರ ಮುಂದೆ ಒಂದೇ ಉಸಿರಲ್ಲಿ ಹೇಳಿಬಿಟ್ರಿ. ನನಗೆ ಒಂದು ವರ್ಷದಿಂದ ಅಕ್ಕ ಒಬ್ಬಳ ಮುಂದೆ ಹೇಳೋಕಾಗಿಲ್ಲ. ಯಾವ ಮುಖ ಇಟ್ಕೊಂಡು ನಿಮ್ಮೆದುರು ಕೂರಲಿ?" ಅವನು ಉಸಿರು ಬಿಟ್ಟ. "ನಿನ್ನೆ ಹೇಳಿದೆ. ತುಂಬ ಅತ್ತಳು. ಆಮೇಲೆ, ಐದು ದಿನ ಆ ವಾಸನೆಯಲ್ಲಿ ಒಬ್ಬನೇ ಹೇಗೆ ಇದ್ದೆಯೋ ಅಂದಳು."

ಅವಳ ಕಣ್ಣಲ್ಲಿ ನೀರು ನಿಂತಿತು. ತಾನೂ ಕೂತು, ಮೇಜಿನ ಮೇಲಿದ್ದ ಬೂದು ಸ್ವೆಟರಿನ ತೋಳನ್ನು ಬಿಚ್ಚತೊಡಗಿದಳು. ದಾರ ಗುಂಗುರು ಗುಂಗುರಾಗಿ ಬಂದು ನೆಲಕ್ಕೆ ಬೀಳುತ್ತಿತ್ತು. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎರಡೂ ಕೈಯನ್ನು ಒಂದು ಮೊಳ ದೂರಕ್ಕೆ ಅಗಲಿಸಿ ಅವಳ ಮುಂದೆ ಹಿಡಿದ.

ಅವಳು ದಾರದ ತುದಿಯನ್ನು ಅವನ ಮಣಿಕಟ್ಟಿಗೆ ಸಿಕ್ಕಿಸಿ, ಒಂದು ಕೈಯಿಂದ ಇನ್ನೊಂದು ಕೈಗೆ ಸುತ್ತುತ್ತಾ ಹೋದಳು. ಅವಳ ಬೆರಳು ಒಂದೊಂದು ಸುತ್ತಿಗೂ ಅವನ ಅಂಗೈ ತಾಗಿ ಬರುತ್ತಿತ್ತು.

"ಕೈ ನೋವಾದ್ರೆ ಹೇಳಿ," ಅಂದಳು.

"ಕೈ ನೋಯ್ತಿಲ್ಲ. ಈ ಮೂರು ವಾರ ನೀನು ಅಂಗಡಿಗೆ ಬರಲಿಲ್ಲವಲ್ಲ, ಅದು ನೋಯ್ತು."

ಸುತ್ತುತ್ತಿದ್ದ ಅವಳ ಕೈ ನಿಂತಿತು. ಅವನು ಗಾಬರಿಯಾದ.

"'ನೀನು' ಅಂತ ಅಂದುಬಿಟ್ಟೆ. ತಪ್ಪು ತಿಳೀಬೇಡಿ."

"ಹಾಗೇ ಅನ್ನಿ," ಅಂದಳು ಅವಳು, ತಲೆ ಎತ್ತದೆ. "ನನಗೂ ನೋಯ್ತು. ದಿನಾ ಆ ಬೀದಿ ತುದಿವರೆಗೂ ಬಂದು ವಾಪಸ್ ಹೋಗ್ತಿದ್ದೆ."

"ಒಳಗೆ ಬರಬಾರದಿತ್ತಾ?"

"ನಾಚಿಕೆಯಾಗ್ತಿತ್ತು."

"ಈಗ?"

"ಈಗಲೂ ಆಗ್ತಿದೆ." ಅವಳು ಅವನ ಕಣ್ಣನ್ನೇ ನೋಡಿದಳು. "ಆದ್ರೆ ಇದು ಬೇರೆ ಥರದ್ದು."

ಬೂದು ತೋಳು ಪೂರ್ತಿ ಬಿಚ್ಚಿ ಮುಗಿಯಿತು. ಅವನು ಕೈ ಕೆಳಗಿಳಿಸಲಿಲ್ಲ.

"ಇನ್ನೊಂದು ತೋಳು ಇದೆಯಲ್ಲ?" ಎಂದು ಕೇಳಿದ.