ಯಶವಂತನ ಲೈಟು, ಧನಲಕ್ಷ್ಮಿಯ ಅವರೆ

“ನಿಮ್ಮ ಲೈಟಿಗೇನ್ ಕಾಯ್ಲೆ ಯಶವಂತ್? ರಾತ್ರಿಯಿಡೀ ಉರೀತಿರತ್ತಲ್ಲ!”

ಕಾಂಪೌಂಡಿನಾಚೆ ಹಲ್ಲುಜ್ಜುತ್ತಿದ್ದವನು ತಿರುಗಲಿಲ್ಲ. ಪಕ್ಕದ ಮನೆಯವನ ಈ ಮೌನ ಕಂಡರೆ ಧನಲಕ್ಷ್ಮಿಗೆ ಮೈ ಉರಿಯುತ್ತಿತ್ತು.

ಅಲ್ಲಾಳಸಂದ್ರದ ಆ ಹಿತ್ತಲಲ್ಲಿ ಅವಳ ಚಪ್ಪರದವರೆ ಸೊಕ್ಕಿ ಹಬ್ಬಿತ್ತು. ದೀಪಾವಳಿ ದಾಟಿದರೂ ಒಂದು ಹೂವಿಲ್ಲ. ಚಳಿಗಾಲದ ಉದ್ದನೆಯ ಕತ್ತಲು ಸಿಕ್ಕರೇ ಆ ಅವರೆ ಹೂ ಬಿಡುವುದು. ರಾಜಾನುಕುಂಟೆಯ ಅಜ್ಜಿಯ ತಳಿ ಅದು. ಡಬ್ಬಿಯ ಬೀಜಕ್ಕೆಲ್ಲ ಹುಳು ಬಿದ್ದು ಏಳೇ ಉಳಿದಿದ್ದವು, ಏಳನ್ನೂ ನೆಟ್ಟಿದ್ದಳು. ಈ ಸಲ ಕಾಯಿ ಕಟ್ಟದಿದ್ದರೆ ತಳಿಯೇ ಮುಗಿಯಿತು.

“ಬಳ್ಳಿ ಹೂ ಬಿಡ್ತಿಲ್ಲ ಕಣ್ರೀ!”

“ನೆರಳಂತೂ ಚೆನ್ನಾಗಿ ಕೊಡ್ತಿದ್ಯಲ್ಲ,” ಎಂದು ಅವನು ಒಳಗೆ ಹೋದ.

ಮರುದಿನ ಬೆಳಗಿನ ಐದೂವರೆ. ಕೆಲಸಕ್ಕೆ ಹೊರಡುವ ಮುಂಚೆ ನೀರು ಹಾಕಲು ಬಂದವಳು ಕೊಡ ಇಳಿಸಿ, ದೋಟಿ ಎತ್ತಿ, ಗೋಡೆಯ ಮೇಲಿನ ಬಲ್ಬಿಗೆ ಬಾರಿಸಿದಳು. ಚೂರುಗಳು ಅವಳ ಹಿತ್ತಲ ಮೆಟ್ಟಿಲ ಮೇಲೇ ಉದುರಿದವು.

ಯಶವಂತ ಗೋಡೆ ಹಾರಿ ಬಂದ. ಬೈಯಲಿಲ್ಲ. ಅವಳ ಬರಿಗಾಲು ನೋಡಿದ.

“ಅಲ್ಲೇ ನಿಲ್ಲಿ. ಗಾಜಿದೆ.” ಮೊಬೈಲ್ ಟಾರ್ಚ್ ಹಿಡಿದು ಚೂರು ಆಯತೊಡಗಿದ. “ಇವತ್ತೇ ಇನ್ನೊಂದ್ ಹಾಕ್ತೀನಿ.”

“ಅದನ್ನೂ ಒಡೀತೀನಿ. ನನ್ ಮೇಲೆ ಯಾಕ್ರೀ ಇಷ್ಟು ಹಗೆ?”

ಅವನು ತಲೆ ಎತ್ತಲಿಲ್ಲ. “ಹೋದ ಸಂಕ್ರಾಂತಿ ಹಿಂದಿನ ದಿನ, ಕತ್ತಲಲ್ಲಿ ಇಲ್ಲೇ ಬಿದ್ರಿ. ಒಂದ್ ತಿಂಗಳು ಕುಂಟಿದ್ರಿ. ಲೈಟ್ ಹಾಕ್ಸಿದ್ದು ಆಮೇಲೆ.”

ಧನಲಕ್ಷ್ಮಿ ದೋಟಿಯನ್ನು ಗೋಡೆಗೆ ಒರಗಿಸಿದಳು.

“ಹೇಳೋಕೆ ಬಾಯಿರ್ಲಿಲ್ವಾ?”

“ನೀವು ಬಿಟ್ರೆ ತಾನೆ?”

ಹೊಸ ಬಲ್ಬು ಬರಲಿಲ್ಲ. ದಿನವೂ ಐದೂವರೆಗೆ ಅವನೇ ಗೋಡೆಯ ಬಳಿ ನಿಂತು ಅವಳ ಹೆಜ್ಜೆಗೆ ಟಾರ್ಚ್ ಹಿಡಿದ.

“ಬಳ್ಳಿ ಮೇಲೆ ಬಿಟ್ರೆ ಕೈ ಮುರೀತೀನಿ.”

“ಗೊತ್ತು.”

ಒಮ್ಮೆ ಬೆಳಕು ಪಾದ ಬಿಟ್ಟು, ಗೆಜ್ಜೆ ದಾಟಿ, ಮೆಲ್ಲಗೆ ಅವಳ ಮುಖದವರೆಗೂ ಏರಿತು.

“ಕೆಳಗೆ!”

ಬೆಳಕು ತಟ್ಟನೆ ಇಳಿಯಿತು. ಕತ್ತಲಲ್ಲಿ ಅವಳು ನಕ್ಕಿದ್ದು ಅವನಿಗೆ ಕಾಣಲಿಲ್ಲ.

ಡಿಸೆಂಬರ್ ನಡುವೆ ಮೊದಲ ಹೂಗೊಂಚಲು ಬಂತು. ಶಿವರಾತ್ರಿಯ ಹೊತ್ತಿಗೆ ಕಾಯಿ ಬಲಿತು ಒಣಗಿತು. ಬೀಜ ಬಿಡಿಸಿದ ಧನಲಕ್ಷ್ಮಿ, ಅದರಲ್ಲಿ ಏಳನ್ನು ಗೋಡೆಯ ಮೇಲಿಂದ ಅವನ ಅಂಗೈಗೆ ಹಾಕಿದಳು.

“ಆಷಾಢದಲ್ಲಿ ನಿಮ್ ಕಡೆ ನೆಡಿ. ನೀರಿಲ್ದೆ ಸಾಯಿಸಿದ್ರೆ ನಿಮ್ಮನ್ನ ಬಿಡಲ್ಲ.”

ಅವನ ಬೆರಳುಗಳು ಬೀಜದ ಜೊತೆಗೆ ಅವಳ ಬೆರಳನ್ನೂ ಹಿಡಿದವು. ಅವಳು ಎಳೆದುಕೊಳ್ಳಲಿಲ್ಲ.

“ಹಾಗಾದ್ರೆ ಇನ್ಮೇಲೂ ಲೈಟ್ ಬೇಡ್ವಾ?”

“ಬೇಡ.”

“ಮೆಟ್ಟಿಲು?”

“ನೀವಿರ್ತೀರಲ್ಲ,” ಎಂದಳು, ಬೈಯುವ ದನಿಯಲ್ಲೇ.