ಟೆರೇಸ್ ರೂಮಿನ ಈಥರ್

ಅತ್ತಿಗುಪ್ಪೆಯ ಆ ಮನೆಯ ಟೆರೇಸ್ ರೂಮಿಗೆ ಬಾಡಿಗೆಗೆ ಬಂದವನು ಹಾಸಿಗೆಯನ್ನೇ ತಂದಿರಲಿಲ್ಲ. ಒಂದು ಕಬ್ಬಿಣದ ರ‍್ಯಾಕು, ಎರಡು ದೊಡ್ಡ ಫ್ಯಾನು, ಒಂದಷ್ಟು ರಟ್ಟಿನ ಡಬ್ಬಗಳು. ಅಷ್ಟೇ. ಹೆಸರು ಮಧ್ವೇಶ್. ವಿಜಯನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ಮನೆ ಕೆಂಗೇರಿಯಲ್ಲಿ. ಮಷೀನು ಇಡಲು ಜಾಗ ಬೇಕು ಎಂದು ಹೇಳಿದ್ದ. ಮನೆಯೊಡತಿ ಪುಟ್ಟಲಕ್ಷ್ಮಿಗೆ ಅಷ್ಟು ಸಾಕಾಗಿತ್ತು. ಮಗಳು ಮಾಲವಿಕಾಳಿಗೆ ಸಾಕಾಗಲಿಲ್ಲ.

ಮಾಲವಿಕಾ ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಯಾರೂ ವಾಸವಿಲ್ಲದ ರೂಮಿನಿಂದ ದಿನವಿಡೀ ಗುಂಯ್ ಎನ್ನುವ ಸದ್ದು ಬರುವುದೆಂದರೇನು? ಬಾಡಿಗೆದಾರ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು, ಬ್ರಷ್ಷಿನಿಂದ ಏನನ್ನೋ ಗುಡಿಸಿ, ಬೀಗ ಹಾಕಿಕೊಂಡು ಹೋಗುವುದೆಂದರೇನು?

2022ರ ಮೇ ತಿಂಗಳ ಒಂದು ಭಾನುವಾರ ಮಳೆ ದಿಢೀರನೆ ಸುರಿಯಿತು. ಅಂಗಡಿಗಳಿಗೆ ಕೊಡಲೆಂದು ಅಮ್ಮ ಒಣಗಿಸಿದ್ದ ಸಂಡಿಗೆಯನ್ನು ಎತ್ತಲು ಮಾಲವಿಕಾ ಟೆರೇಸಿಗೆ ಓಡಿದಳು. ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ರ‍್ಯಾಕಿನ ತುಂಬ ಕಪ್ಪು ಕಾರ್ಡುಗಳು, ಹಸಿರು ದೀಪಗಳು, ಒಲೆಯ ಮುಂದೆ ನಿಂತಂಥ ಸೆಕೆ. ಮಧ್ವೇಶ್ ಕನ್ನಡಕ ಒರೆಸಿಕೊಳ್ಳುತ್ತ ತಿರುಗಿದ. ಕನ್ನಡಕವಿಲ್ಲದ ಕಣ್ಣಿಗೆ ಅವಳನ್ನು ಗುರುತಿಸಲು ಒಂದು ಕ್ಷಣ ಹಿಡಿಯಿತು.

"ಇಲ್ಲೇನಾದ್ರೂ ಕದ್ದು ಮುಚ್ಚಿ ನಡೆಸ್ತಿದೀರಾ?" ಫ್ಯಾನಿನ ಸದ್ದಿಗೆ ಅವಳು ಕೂಗಿಯೇ ಕೇಳಬೇಕಾಯಿತು.

"ಇಲ್ಲ ಮೇಡಂ, ಮೈನಿಂಗ್," ಎಂದು ಅವನೂ ಕೂಗಿಯೇ ಉತ್ತರಿಸಿದ.

ಆಮೇಲೆ ಬಾಗಿಲ ಬಳಿ ನಿಂತು ವಿವರಿಸಿದ. ಬಿಟ್‌ಕಾಯಿನ್, ಈಥರ್‌ನಂಥ ಡಿಜಿಟಲ್ ನಾಣ್ಯಗಳಿಗೆ ಬ್ಯಾಂಕ್ ಇಲ್ಲ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ಪುಸ್ತಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಇದೆ. ಹೊಸ ವ್ಯವಹಾರಗಳನ್ನು ಕಂತೆ ಕಟ್ಟಿ ಅದಕ್ಕೆ ಸೇರಿಸಬೇಕಾದರೆ ಮಷೀನುಗಳು ಒಂದು ಸಂಖ್ಯೆಯನ್ನು ಊಹಿಸಬೇಕು. ಮೊದಲು ಸರಿಯಾಗಿ ಊಹಿಸಿದವರಿಗೆ ಹೊಸ ನಾಣ್ಯದ ಬಹುಮಾನ. ಒಬ್ಬನೇ ಹುಡುಕಿದರೆ ವರ್ಷಗಟ್ಟಲೆ ಸಿಗದೆ ಹೋಗಬಹುದು. ಅದಕ್ಕೇ ಸಾವಿರಾರು ಜನ ಗುಂಪು ಸೇರಿ ಊಹಿಸಿ, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಾರೆ. ಅವನ ಹತ್ತು ಗ್ರಾಫಿಕ್ಸ್ ಕಾರ್ಡುಗಳು ಈಥರ್‌ಗಾಗಿ ಊಹಿಸುತ್ತಿದ್ದವು.

ಇದಕ್ಕೆ ಫಾರ್ಮುಲಾ ಇಲ್ಲವೇ ಎಂದು ಅವಳು ಕೇಳಿದಳು. ಇಲ್ಲವಂತೆ, ಊಹಿಸುತ್ತಲೇ ಇರಬೇಕಂತೆ.

"ನನ್ನ ಕ್ಲಾಸಲ್ಲಿ ಅರ್ಧ ಜನ ಇದೇ ಕೆಲಸ ಮಾಡ್ತಾರೆ. ನಾನು ಸೊನ್ನೆ ಕೊಡ್ತೀನಿ," ಎಂದಳು.

ಅವನು ಜೋರಾಗಿ ನಕ್ಕ. ನಂತರ ಅವಳ ಕೈಯಲ್ಲಿದ್ದ ಒದ್ದೆ ಸಂಡಿಗೆಯ ತಟ್ಟೆಯನ್ನು ತಾನೇ ತೆಗೆದುಕೊಂಡು ಬಿಸಿಗಾಳಿ ಹೊರಬರುವ ಕಿಟಕಿಯ ಮುಂದಿಟ್ಟ. ಸಂಜೆಯ ಹೊತ್ತಿಗೆ ಸಂಡಿಗೆ ಗರಿಗರಿಯಾಗಿ ಒಣಗಿತ್ತು. ಪುಟ್ಟಲಕ್ಷ್ಮಿಯ ಸಂತೋಷಕ್ಕೆ ಮಿತಿಯಿರಲಿಲ್ಲ.

ಅಂದಿನಿಂದ ಸಂಜೆಗಳಲ್ಲಿ ಮಾಲವಿಕಾ ತಟ್ಟೆ ಹಿಡಿದು ಮೇಲೆ ಹೋಗುವುದು, ಅವನು ದಿನಕ್ಕೊಂದು ನಾಣ್ಯದ ಕಥೆ ಹೇಳುವುದು ರೂಢಿಯಾಯಿತು. ಬಿಟ್‌ಕಾಯಿನ್ ಈಗ ಇಂಥ ಕಾರ್ಡುಗಳಿಗೆ ಬಗ್ಗುವುದಿಲ್ಲ, ಅದಕ್ಕೆಂದೇ ಮಾಡಿದ ಮಷೀನು ಬೇಕು. ಲೈಟ್‌ಕಾಯಿನ್, ಡೋಜ್‌ಕಾಯಿನ್ ಎರಡನ್ನೂ ಒಂದೇ ಮಷೀನಿನಲ್ಲಿ ತೆಗೆಯಬಹುದು. ಮೊನೆರೊಗೆ ಮನೆಯ ಸಾಮಾನ್ಯ ಕಂಪ್ಯೂಟರೂ ಆದೀತು. ಚಿಯಾ ಎಂಬುದಕ್ಕೆ ಹಾರ್ಡ್ ಡಿಸ್ಕಿನ ಖಾಲಿ ಜಾಗವೇ ಬಂಡವಾಳ. ಎಕ್ಸ್‌ಆರ್‌ಪಿಯಂಥವನ್ನು ಯಾರೂ ಮೈನ್ ಮಾಡುವುದೇ ಇಲ್ಲ, ಶುರುವಿನಲ್ಲೇ ಎಲ್ಲ ಸೃಷ್ಟಿಸಿ ಮುಗಿಸಿದ್ದಾರೆ. ಅವಳು ನಾಣ್ಯಗಳ ಹೆಸರನ್ನು ಬೇಕೆಂದೇ ತಪ್ಪು ಹೇಳುತ್ತಿದ್ದಳು. ಅವನು ತಿದ್ದುವಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು.

ಇದನ್ನೆಲ್ಲ ಕೇಳಿ ಪುಟ್ಟಲಕ್ಷ್ಮಿಗೂ ಆಸೆ ಹುಟ್ಟಿತು. ಮಗಳ ಮದುವೆಗೆಂದು ಬ್ಯಾಂಕಿನಲ್ಲಿಟ್ಟ ದುಡ್ಡನ್ನು ಈಥರ್‌ಗೆ ಹಾಕಿಕೊಡು ಎಂದು ಒಂದು ದಿನ ಅವನನ್ನು ಕೇಳಿಯೇಬಿಟ್ಟರು. ಮಾಲವಿಕಾ ಮೆಟ್ಟಿಲ ಮೇಲೆ ನಿಂತಿದ್ದಳು.

"ಬೇಡ ಆಂಟಿ. ಇದು ಒಂದೇ ವಾರದಲ್ಲಿ ಅರ್ಧಕ್ಕರ್ಧ ಇಳಿದ್ರೂ ಇಳೀತು. ಆ ದುಡ್ಡು ಬ್ಯಾಂಕಲ್ಲೇ ಇರ್ಲಿ," ಎಂದ ಅವನು. ಅವರು ಬೇಜಾರು ಮಾಡಿಕೊಂಡರೂ ಅವನು ಜಗ್ಗಲಿಲ್ಲ. ಹದಿನೈದು ದಿನದೊಳಗೆ, ಜೂನ್‌ನಲ್ಲಿ, ಬೆಲೆ ನಿಜಕ್ಕೂ ಕುಸಿಯಿತು. ಮಾಲವಿಕಾ ಅಂದು ಮೇಲೆ ಹೋದಾಗ ಅವನ ಮುಖವನ್ನು ಸುಮ್ಮನೆ ಸ್ವಲ್ಪ ಹೊತ್ತು ನೋಡಿದಳು. ಯಾಕೆ ಎಂದು ಅವನು ಕೇಳಿದ. ಮೂಗಿನ ಮೇಲೆ ಧೂಳಿದೆ ಎಂದಳು. ಇರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಅಮ್ಮ ಸುದ್ದಿ ಹೇಳಿದರು. ಮಧ್ವೇಶ್ ರೂಮು ಬಿಡುತ್ತಾನಂತೆ. ಈಥರ್‌ನ ವ್ಯವಸ್ಥೆಯೇ ಬದಲಾಗುತ್ತಿದೆಯಂತೆ. ಇನ್ನು ಊಹಿಸುವ ಆಟವಿಲ್ಲ, ತಮ್ಮ ನಾಣ್ಯಗಳನ್ನು ಪಣವಾಗಿಟ್ಟವರೇ ಪುಸ್ತಕ ನೋಡಿಕೊಳ್ಳುತ್ತಾರೆ. ಅವನ ಕಾರ್ಡುಗಳಿಗೆ ಕೆಲಸವಿಲ್ಲ.

ತನಗಿಂತ ಮೊದಲು ಅಮ್ಮನಿಗೆ ಹೇಳಿದನಲ್ಲ ಎಂದು ಮಾಲವಿಕಾಳಿಗೆ ಸಿಟ್ಟು ಬಂತು. ಎರಡು ವಾರ ಅವಳು ಮೇಲೆ ಹೋಗಲಿಲ್ಲ. ಅವನೂ ಕೆಳಗೆ ಬರಲಿಲ್ಲ. ಮೆಟ್ಟಿಲಿಳಿಯುವಾಗ ಅವರ ಬಾಗಿಲ ಮುಂದೆ ಅವನ ಚಪ್ಪಲಿಯ ಸದ್ದು ನಿಧಾನವಾಗುತ್ತಿತ್ತು, ಆಮೇಲೆ ಮುಂದೆ ಹೋಗುತ್ತಿತ್ತು.

ಬದಲಾವಣೆ ಸೆಪ್ಟೆಂಬರ್ ಹದಿನೈದರ ಮಧ್ಯಾಹ್ನ ಎಂದು ಅವಳು ಪತ್ರಿಕೆಯಲ್ಲಿ ಓದಿದಳು. ಅಂದು ಶಾಲೆಗೆ ಅರ್ಧ ದಿನ ರಜೆ ಹಾಕಿ ನೇರ ಟೆರೇಸಿಗೆ ಹೋದಳು. ಅವನು ಬಾಗಿಲು ತೆರೆದಿಟ್ಟು ಮೊಬೈಲ್ ನೋಡುತ್ತ ಕೂತಿದ್ದ. ಅವಳನ್ನು ಕಂಡು ಎದ್ದು ಇದ್ದ ಒಂದೇ ಸ್ಟೂಲನ್ನು ಸರಿಸಿಕೊಟ್ಟ. ಹನ್ನೆರಡೂಕಾಲಿನ ಸುಮಾರಿಗೆ ಕಾರ್ಡುಗಳ ಫ್ಯಾನುಗಳು ಒಂದೊಂದಾಗಿ ನಿಧಾನವಾದವು. ಅವನು ದೊಡ್ಡ ಫ್ಯಾನುಗಳನ್ನೂ ಆರಿಸಿದ. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಇಷ್ಟು ತಿಂಗಳಲ್ಲಿ ಅವರಿಬ್ಬರೂ ಆ ರೂಮಿನಲ್ಲಿ ಒಮ್ಮೆಯೂ ಮೆಲ್ಲಗೆ ಮಾತಾಡಿರಲಿಲ್ಲ.

"ಜೂನ್‌ನಲ್ಲೇ ನಿಲ್ಲಿಸಬೇಕಿತ್ತು," ಎಂದ ಮಧ್ವೇಶ್. "ಆಗ್ಲಿಂದ ಬರೋದಕ್ಕಿಂತ ಕರೆಂಟ್‌ಗೆ ಕಟ್ಟೋದೇ ಜಾಸ್ತಿ ಆಗಿತ್ತು."

"ಗೊತ್ತು."

ಅವನು ತಲೆಯೆತ್ತಿದ.

"ನಿಮ್ಮ ಬಿಲ್ ತಂದುಕೊಡ್ತಿದ್ದೋಳು ನಾನೇ ಅಲ್ವಾ? ಜುಲೈನಲ್ಲೇ ಲೆಕ್ಕ ಹಾಕಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಮಾಲವಿಕಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ."

ಅವನ ಕಿವಿ ಕೆಂಪಾಯಿತು. ಅವಳೂ ನೆಲ ನೋಡಿದಳು. ಆಮೇಲೆ ಅವನು ಹೇಳಿದ್ದು ಬಹಳ ಸಣ್ಣ ಮಾತು: ಮಷೀನಿಗಾಗಿ ಅಲ್ಲದೆಯೂ ಈ ಮನೆಗೆ ಬರಬಹುದೇ ಎಂದು. ಅವಳು ಹೂಂ ಎಂದಳು. ಅವನಿಗೆ ಸಾಲಲಿಲ್ಲವೇನೋ, ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೇಳಿದಳು.

ಅಮ್ಮನಿಗೆ ವಿಷಯ ತಿಳಿಸಿದ್ದು ಮಾಲವಿಕಾಳೇ. ಪುಟ್ಟಲಕ್ಷ್ಮಿ ಅವನಿಗೆ ಊಟಕ್ಕೆ ಬಡಿಸಿ, ಅವನ ತಂದೆತಾಯಿಯ ಬಗ್ಗೆ, ಅಂಗಡಿಯ ಬಗ್ಗೆ ಕೇಳಿ ತಿಳಿದು, ವಿಜಯದಶಮಿಯ ದಿನ ಅವರನ್ನು ಕರೆದುಕೊಂಡು ಬಾ ಎಂದರು. ಕಾರ್ಡುಗಳು ಅದೇ ವಾರ ವಿಡಿಯೊ ಎಡಿಟಿಂಗ್ ಮಾಡುವವರ ಪಾಲಾದವು.

ಅಮ್ಮ ಊಟ ಬಡಿಸಿದ ದಿನ ಸಂಜೆ ಅವನನ್ನು ಬಿಡಲು ಮಾಲವಿಕಾ ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ನಿಗೆ ಬಂದಳು. ತಾನೂ ಟಿಕೆಟ್ ಕೊಂಡು ಪ್ಲಾಟ್‌ಫಾರ್ಮಿಗೆ ಹತ್ತಿದಳು. ಕೆಂಗೇರಿಯ ರೈಲು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯದಕ್ಕೆ ಹತ್ತಿ, ಬಾಗಿಲು ಮುಚ್ಚುವವರೆಗೆ ಅವನು ಅವಳತ್ತಲೇ ತಿರುಗಿ ನಿಂತಿದ್ದ.